ಪ್ಲಗ್ಗಿನ ಆಚೆ ಈಚೆ

ಟ್ರೇಲರ್ ನಮ್ಮದು, ಅದನ್ನು ಎಳೆಯುವ ಪಿಕಪ್ ನನ್ನ ತಮ್ಮನದು. ಎರಡರ ನಡುವೆ ಮುಷ್ಟಿಗಾತ್ರದ ಒಂದು ಪ್ಲಗ್ಗು. ಅವತ್ತು ನಮ್ಮವರು ಪ್ಲಗ್ಗಿನ ಈಚೆ ನಿಂತು ತಪ್ಪೆಲ್ಲ ಆಚೆಯದು ಎಂದರು. ತಮ್ಮ ಆಚೆ ನಿಂತು ತಪ್ಪೆಲ್ಲ ಈಚೆಯದು ಎಂದ. ಒಬ್ಬರು ಕೈಹಿಡಿದವರು, ಇನ್ನೊಬ್ಬ ಬೆನ್ನಿಗೆ ಹುಟ್ಟಿದವನು. ಇಬ್ಬರ ಬಾಯಿಗೂ ಬೀಗವಿಲ್ಲ. ನಡುವೆ ಸಿಕ್ಕಿಬಿದ್ದವಳು ನಾನು.

ಟ್ರೇಲರ್ ಮೇಲೆ ನಮ್ಮ ನಿಂಬೆಯ ತಾಯಿಮರ ಮಲಗಿತ್ತು.

ನಾವು ಸಸಿ ಬೆಳೆದು ಮಾರುವವರು. ಗುತ್ತಿಗೆಗೆ ಹಿಡಿದಿದ್ದ ಜಾಗದ ಅವಧಿ ಮುಗಿದಿತ್ತು. ಕುಂಡ, ಮಣ್ಣಿನ ಚೀಲ, ನೆರಳು ಬಲೆ, ನೀರಿನ ಪೈಪು ಎಲ್ಲವೂ ಇಳಿಜಾರಿನ ಕೆಳಗಿನ ಹೊಸ ಜಾಗ ಸೇರಿಯಾಗಿತ್ತು. ಉಳಿದದ್ದು ಈ ಮರ ಒಂದೇ. ನಾವು ಮಾರುವ ನಿಂಬೆ ಸಸಿಯಷ್ಟಕ್ಕೂ ಕಸಿಕಡ್ಡಿ ಇದರದೇ. ತೆಳು ಸಿಪ್ಪೆ, ಹಿಂಡಿದರೆ ಬೆರಳ ಸಂದಿಯಿಂದ ಮೊಣಕೈವರೆಗೆ ಇಳಿಯುವ ರಸ. ಇದರ ಮರಿಗಳು ಊರ ತುಂಬ ಇವೆ, ನಿಜ. ಹಾಗೆಂದು ಕೊಂಡವರ ಹಿತ್ತಲಿಗೆ ಹೋಗಿ, ನಾವೇ ಮಾರಿದ ಗಿಡದಿಂದ ನಮಗೇ ಒಂದು ಕಡ್ಡಿ ಕೊಡಿ ಎಂದು ಕೈಯೊಡ್ಡುವುದುಂಟೇ? ಈ ಮರ ಸತ್ತರೆ ನಮ್ಮ ಕಸುಬಿನ ಬುಡವೇ ಹೋದಂತೆ.

ಬಹಳ ಮುಂಚೆಯೇ ಸುತ್ತ ಕಾಲುವೆ ತೆಗೆದು, ದೊಡ್ಡ ಬೇರು ಕತ್ತರಿಸಿ, ಮರವನ್ನು ಹದ ಮಾಡಿದ್ದೆವು. ಅವತ್ತು ಹೊತ್ತು ಹುಟ್ಟುವಾಗ ಬುಡದ ಮಣ್ಣಿನ ಸಮೇತ ಕ್ರೇನಿನಿಂದ ಎತ್ತಿಸಿ, ಮಣ್ಣಿನ ಮುದ್ದೆಗೆ ಒದ್ದೆ ಗೋಣಿತಾಟು ಸುತ್ತಿ, ಹಗ್ಗ ಬಿಗಿದು ಏರಿಸಿದೆವು. ಕ್ರೇನಿನವನು ಮುಂದೆ ಹೋಗಿ ಹೊಸ ಜಾಗದಲ್ಲಿ ಕಾಯುತ್ತಿದ್ದ. ಸಂಜೆಯ ಮೇಲೆ ಅವನಿಗೆ ಬೇರೆ ಕಡೆ ಕೆಲಸವಿತ್ತು. ಕಿತ್ತ ಮರವೆಂದರೆ ದಡಕ್ಕೆ ಬಿದ್ದ ಮೀನು. ಗೋಣಿ ಒಣಗಿದರೆ ಎಳೆಬೇರು ಸಾಯುತ್ತದೆ. ಒಣಗೀತೆಂದು ನೀರು ಹೆಚ್ಚು ಹೊಯ್ದರೆ ಮಣ್ಣು ಕರಗಿ ಮುದ್ದೆ ಬಿಚ್ಚಿಕೊಳ್ಳುತ್ತದೆ, ಆಗಲೂ ಸಾಯುತ್ತದೆ. ಅದಕ್ಕೇ ಬಿಸಿಲೇರುವ ಮೊದಲು ಇಳಿಜಾರು ದಾಟಿಬಿಡಬೇಕು ಎಂದು ನಾನು ಹಿಂದಿನ ದಿನದಿಂದಲೇ ಇಬ್ಬರ ಕಿವಿಯಲ್ಲೂ ಊದಿದ್ದೆ.

ಮರವೂ ಮಣ್ಣೂ ಸೇರಿದರೆ ಪಿಕಪ್ಪಿಗೆ ಸಮನಾದ ಭಾರ. ಇಳಿಜಾರಿನಲ್ಲಿ ಅಷ್ಟನ್ನು ಪಿಕಪ್ಪಿನ ಬ್ರೇಕೊಂದೇ ಹಿಡಿಯಲಾರದು. ಅದಕ್ಕಾಗಿ ಟ್ರೇಲರ್ ಚಕ್ರಗಳಿಗೆ ಕರೆಂಟಿನ ಬ್ರೇಕಿದೆ. ತಮ್ಮ ಪೆಡಲ್ ತುಳಿದರೆ ಅವನ ಸ್ಟೇರಿಂಗ್ ಕೆಳಗಿನ ಪುಟ್ಟ ಡಬ್ಬಿಯಿಂದ ಕರೆಂಟು ಹೊರಟು, ಪ್ಲಗ್ಗು ದಾಟಿ, ನಮ್ಮ ವೈರಿನಲ್ಲಿ ಹರಿದು, ಚಕ್ರದೊಳಗಿನ ಅಯಸ್ಕಾಂತಕ್ಕೆ ಹೋಗುತ್ತದೆ. ಅದು ಕಚ್ಚಿದರೆ ಚಕ್ರ ನಿಲ್ಲುತ್ತದೆ. ಡಬ್ಬಿಗೆ ಒಂದು ಸಣ್ಣ ಹಿಡಿಕೆಯೂ ಇದೆ. ಪೆಡಲ್ ಮುಟ್ಟದೆ ಅದೊಂದನ್ನೇ ಒತ್ತಿದರೆ ಟ್ರೇಲರ್ ಬ್ರೇಕು ಮಾತ್ರ ಹಿಡಿಯಬೇಕು.

ಹೊರಡುವುದೇ ತಡವಾಗಿತ್ತು. ಇಳಿಜಾರು ಶುರುವಾಗುವ ಸ್ವಲ್ಪ ಮೊದಲು, ಸಮ ರಸ್ತೆಯಲ್ಲಿ, ತಮ್ಮ ಆ ಹಿಡಿಕೆ ಒತ್ತಿದ. ಗಾಡಿ ತನ್ನ ಪಾಡಿಗೆ ತಾನು ಹೋಗುತ್ತಲೇ ಇತ್ತು.

“ಅಕ್ಕ, ನಿಮ್ಮ ಟ್ರೇಲರ್ ಹಿಡೀತಿಲ್ಲ,” ಎಂದ.

“ನಿನ್ನ ಪಿಕಪ್ಪು ಕೊಡ್ತಿಲ್ಲ ಅನ್ನು,” ಎಂದರು ನಮ್ಮವರು, ನನ್ನ ಇನ್ನೊಂದು ಮಗ್ಗುಲಿನಿಂದ.

“ಭಾವ, ಡಬ್ಬೀಲಿ ಹಸಿರು ದೀಪ ಉರೀತಿದೆ. ಕೊಡ್ತಿಲ್ಲ ಅಂತ ಹೆಂಗಂತೀರಿ?”

“ದೀಪ ಉರಿದ್ರೆ ಬ್ರೇಕ್ ಹಿಡಿಯುತ್ತೇನಪ್ಪ? ನಿನ್ನೆ ಬೆಳಗ್ಗೆ ನಾನು ಜಾಕಿ ಹಾಕಿ ಚಕ್ರ ತಿರುಗಿಸಿ ನೋಡಿದೀನಿ. ಗಕ್ ಅಂತ ನಿಂತಿತ್ತು.”

“ನಿನ್ನೆ ಉಂಡಿದ್ದಕ್ಕೆ ಇವತ್ತು ಹೊಟ್ಟೆ ತುಂಬುತ್ತಾ?”

“ಇಬ್ಬರೂ ಬಾಯಿ ಮುಚ್ಚಿ,” ಎಂದೆ. “ಗಾಡಿ ನಿಲ್ಲಿಸು.”

ಇಳಿಜಾರಿನ ನೆತ್ತಿಯ ಮೇಲೆ, ರಸ್ತೆಗೆ ಅಂಟಿಕೊಂಡು, ಗಾಡಿಗಳ ವೈರಿಂಗ್ ಮಾಡುವ ಒಂದು ಅಂಗಡಿಯಿದೆ. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಯ ಮೊಳೆಗಳಲ್ಲಿ ಸತ್ತ ಹಾರನ್ನುಗಳು. ಅಂಗಡಿಯವನನ್ನು ಎಲ್ಲರೂ ಬಲ್ಬು ಎಂದೇ ಕರೆಯುತ್ತಾರೆ. ಎರಡು ವೈರು ಬೆಸೆದ ಒಂದು ಚಿಕ್ಕ ಬಲ್ಬು ಸದಾ ಅವನ ಅಂಗಿಯ ಜೇಬಿನಲ್ಲಿರುತ್ತದೆ. ಯಾವ ಗಾಡಿ ಬಂದರೂ ಅದನ್ನು ಅಲ್ಲಿ ಇಲ್ಲಿ ಮುಟ್ಟಿಸುತ್ತಾನೆ. ಉರಿದರೆ ಸರಿ, ಉರಿಯದಿದ್ದರೆ ಕೆಟ್ಟಿದೆ. ಅವನ ವಿದ್ಯೆಯ ಮೊದಲೂ ಕೊನೆಯೂ ಅದೇ.

ಬಲ್ಬು ಚಹಾ ಲೋಟ ಪಕ್ಕಕ್ಕಿಟ್ಟು ಬಂದ. ಮರ ನೋಡಿದ, ನನ್ನ ಮುಖ ನೋಡಿದ.

“ಅಮ್ಮಾ, ಇಷ್ಟು ದೊಡ್ಡ ಮರಾನ ಊರು ಬಿಡಿಸ್ತಿದೀರಲ್ಲ, ಏನ್ ತಪ್ಪು ಮಾಡ್ತು?”

“ನಮ್ಮ ಕೈಗೆ ಸಿಕ್ಕಿದ್ದೇ ತಪ್ಪು. ಬ್ರೇಕ್ ಹಿಡೀತಿಲ್ಲ. ಬೇಗ ನೋಡು, ಬೇರು ಒಣಗ್ತಿದೆ.”

ಅವನು ಪ್ಲಗ್ಗು ಬಿಚ್ಚಿಸಿ ಪಿಕಪ್ಪಿನ ಸಾಕೆಟ್ಟಿಗೆ ಬಲ್ಬು ಹಿಡಿದ. ತಮ್ಮ ಒಳಗೆ ಕೂತು ಹಿಡಿಕೆ ಒತ್ತಿದ. ಬಲ್ಬು ಜಗ್ಗನೆ ಉರಿಯಿತು.

“ನೋಡಿ ಭಾವ,” ಎಂದ ತಮ್ಮ ಕಿಟಕಿಯಿಂದ ತಲೆ ಹಾಕಿ. “ನನ್ನ ಕಡೆ ಕರೆಂಟು ಧಾರಾಳವಾಗಿದೆ.”

ಪ್ಲಗ್ಗು ಮತ್ತೆ ಸಿಕ್ಕಿಸಿ, ಬಲ್ಬು ಟ್ರೇಲರ್ ಕೆಳಗೆ ತೂರಿದ. ಚಕ್ರಗಳ ಹತ್ತಿರ ಅಯಸ್ಕಾಂತಗಳಿಗೆ ಹೋಗುವ ವೈರುಗಳನ್ನೆಲ್ಲ ಬಿಡಿಸಿ ಒಂದರ ತುದಿಗೆ ತನ್ನ ಬಲ್ಬನ್ನು ಮುಟ್ಟಿಸಿದ. ತಮ್ಮ ಹಿಡಿಕೆ ಒತ್ತಿದ. ಅಲ್ಲೂ ಅಷ್ಟೇ ಜೋರಾಗಿ ಉರಿಯಿತು. ಎರಡೂ ಮಗ್ಗುಲ ಚಕ್ರಗಳಲ್ಲೂ ಹಾಗೆಯೇ. ವೈರುಗಳನ್ನು ಮತ್ತೆ ಸೇರಿಸಿದ.

“ನೋಡಪ್ಪ,” ಎಂದರು ನಮ್ಮವರು. “ನನ್ನ ಕಡೆಯೂ ಧಾರಾಳವಾಗೇ ಇದೆ.”

“ಹಂಗಾದ್ರೆ ಎಲ್ಲಾ ಸರಿ ಇದೆ,” ಎಂದ ಬಲ್ಬು, ಮೊಣಕಾಲು ಕೊಡವುತ್ತ.

“ಸರಿ ಇದ್ರೆ ಯಾಕೆ ಹಿಡೀತಿಲ್ಲ?”

“ಅದು ಗೊತ್ತಿಲ್ಲ ಅಮ್ಮಾ. ಕರೆಂಟು ಬರ್ತಿದೆ. ಇನ್ನು ಹಿಡಿಯೋದು ಬಿಡೋದು ಬ್ರೇಕಿಗೆ ಬಿಟ್ಟಿದ್ದು.”

ನನಗೆ ಮೈಯೆಲ್ಲ ಉರಿಯಿತು. ಬ್ರೇಕೇನು ಸಂಬಂಧ ನೋಡಲು ಬಂದ ಗಂಡೇ, ಒಪ್ಪುವುದು ಬಿಡುವುದು ಅದರ ಇಷ್ಟವೆನ್ನಲು? ಜಾಕಿ ಹಾಕಿ ಒಂದು ಚಕ್ರ ಎತ್ತಿಸಿದೆ. ನಾನೇ ಕೈಯಿಂದ ತಿರುಗಿಸಿದೆ. ತಮ್ಮ ಹಿಡಿಕೆ ಒತ್ತಿದ. ಚಕ್ರ ಒಳಗೆಲ್ಲೋ ಗುಂಯ್ ಎಂದಿತು, ಆಕಳಿಸಿದಂತೆ ಸ್ವಲ್ಪ ನಿಧಾನವಾಯಿತು, ಮತ್ತೆ ತಿರುಗಿತು. ಕಾಲಿನಿಂದ ಒದ್ದೆ. ಇನ್ನೂ ಚೆನ್ನಾಗಿ ತಿರುಗಿತು.

ಆಮೇಲೆ ಶುರುವಾಯಿತು ನೋಡಿ ಇವರ ಆಟ. ತಮ್ಮ ಪ್ಲಗ್ಗಿನ ಹಲ್ಲುಗಳನ್ನು ಮರಳುಕಾಗದದಿಂದ ಉಜ್ಜಿದ. ಹಿಡಿಯಲಿಲ್ಲ. ಬಲ್ಬು ಫ್ಯೂಸು ಬದಲಾಯಿಸಿದ, ಕೆಡದ ಫ್ಯೂಸನ್ನು. ಹಿಡಿಯಲಿಲ್ಲ. ನಮ್ಮವರು ಟ್ರೇಲರಿನ ಅರ್ಥ್ ವೈರಿನ ನಟ್ಟು ಬಿಚ್ಚಿ, ತುಕ್ಕು ಕೆರೆದು, ಮತ್ತೆ ಬಿಗಿದರು. ಹಿಡಿಯಲಿಲ್ಲ. ಪ್ರತಿ ಸಲವೂ ಹಿಡಿಯದೆ ಹೋದಾಗ ಒಬ್ಬರ ಮುಖದಲ್ಲಿ ಗೆದ್ದ ಕಳೆ. ತಮ್ಮನ ಕೆಲಸ ಕೆಟ್ಟರೆ ನಮ್ಮವರಿಗೆ, ನಮ್ಮವರದು ಕೆಟ್ಟರೆ ತಮ್ಮನಿಗೆ. ಮಧ್ಯೆ ಮಧ್ಯೆ ಬಲ್ಬು ತನ್ನ ಬಲ್ಬನ್ನು ಅಲ್ಲಿಷ್ಟು ಇಲ್ಲಿಷ್ಟು ಹಿಡಿಯುತ್ತಿದ್ದ. ಹಾಳಾದ್ದು ಹಿಡಿದಲ್ಲೆಲ್ಲ ಉರಿಯುತ್ತಿತ್ತು. ಸುಳ್ಳು ಸಾಕ್ಷಿ ಹೇಳುವವನ ಮುಖದ ಹಾಗೆ ಬೆಳ್ಳಗೆ, ನಿಸ್ಸಂಕೋಚವಾಗಿ.

ಅಷ್ಟರಲ್ಲಿ ಬಿಸಿಲು ಅಂಗಡಿಯ ಮಾಡು ದಾಟಿ ಟ್ರೇಲರ್ ಮೇಲೆ ಬಂತು. ಗೋಣಿಯ ಮೇಲ್ಮೈ ಬಣ್ಣ ಬದಲಾಯಿಸತೊಡಗಿತ್ತು. ನಾನು ಅಂಗಡಿಯ ಡ್ರಮ್ಮಿನಿಂದ ತಂಬಿಗೆಯಲ್ಲಿ ನೀರು ತಂದು, ಹೊಯ್ಯದೆ, ಬೆರಳಿನಿಂದ ಚಿಮುಕಿಸಿದೆ. ಎಲೆಗಳ ಅಂಚು ಒಳಕ್ಕೆ ಮಡಿಚಿಕೊಳ್ಳುತ್ತಿದ್ದವು. ಬೆಳಗ್ಗೆ ಅಂಗೈಯ ಹಾಗೆ ಅಗಲವಾಗಿ ಬಿಚ್ಚಿಕೊಂಡಿದ್ದ ಎಲೆ ಈಗ ದೋಣಿಯಂತಾಗಿತ್ತು. ಹಗ್ಗ ಬಿಗಿದ ಕಡೆ ಮಣ್ಣಿನ ಮುದ್ದೆಯಲ್ಲಿ ಒಂದು ಬಿರುಕೂ ಕಂಡಿತು.

“ಎಲ್ಲಾ ವೈರೂ ಕಿತ್ತು ಹೊಸದು ಹಾಕೋಣ,” ಎಂದ ಬಲ್ಬು. “ನಾಳೆ ಹೊತ್ತಿಗೆ ಆಗುತ್ತೆ.”

“ನಾಳೆ ಹೊತ್ತಿಗೆ ಇದು ಸೌದೆ ಆಗುತ್ತೆ,” ಎಂದೆ.

ತಮ್ಮ ಪಿಕಪ್ಪಿನ ಬಾಗಿಲಿಗೆ ಒರಗಿ ಇಳಿಜಾರು ನೋಡುತ್ತಿದ್ದ. ರಸ್ತೆ ಮೊದಲು ನೇರ ಇಳಿದು, ಒಂದು ಬಂಡೆ ಸುತ್ತಿ, ಆಮೇಲೆ ಕಾಣದಾಗುತ್ತದೆ. ತಳದಲ್ಲಿ ಬಸ್ಸು ನಿಲ್ಲುವ ಜಾಗ, ಅದರ ಮುಂದೆ ಯಾವಾಗಲೂ ಜನ.

“ಅಕ್ಕ, ನಾನು ಮೊದಲ ಗೇರಲ್ಲಿ ಇಳಿಸ್ತೀನಿ ಬಿಡು,” ಎಂದ. “ತೆವಳಿಕೊಂಡು ಹೋದ್ರೆ ಆಯ್ತು. ಎಷ್ಟು ಸಲ ಇಳಿದಿಲ್ಲ ನಾನು.”

“ಇಷ್ಟು ಭಾರ ಕಟ್ಟಿಕೊಂಡು ಇಳಿದಿದೀಯಾ?”

“ಇಲ್ಲ. ಆದ್ರೂ ಆಗುತ್ತೆ. ನೀನು ಇಳಿದುಬಿಡು, ನಾನೊಬ್ಬನೇ ತಗೊಂಡು ಹೋಗ್ತೀನಿ.”

ಮರ ನೋಡಿದೆ. ಹೂಂ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸುಳ್ಳೇಕೆ, ಬಂದೇ ಬಿಟ್ಟಿತ್ತು. ಅಷ್ಟರಲ್ಲಿ ನಮ್ಮವರು ಹೋಗಿ ಪಿಕಪ್ಪಿನ ಮುಂದಿನ ಚಕ್ರಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ, ನೆಲದ ಮೇಲೆ ಕೂತರು.

“ಏಳಿ ಭಾವ, ಇದೇನಿದು.”

“ಏಳಲ್ಲ. ಮರ ಸತ್ರೆ ಇನ್ನೊಂದು ಬೆಳೆಸ್ತೀನಿ, ಕಷ್ಟಪಟ್ಟಾದ್ರೂ. ನಿನ್ನನ್ನ ಎಲ್ಲಿಂದ ಕಡ್ಡಿ ತಂದು ಕಸಿ ಕಟ್ಟಲಿ?”

ತಮ್ಮ ಬಾಗಿಲಿನಿಂದ ಬೆನ್ನು ತೆಗೆದ. ಆ ಮರದ ಬುಡದಲ್ಲೇ ಕೂತು ಕಸಿ ಕಲಿತವರು ಅವರು. ಎಲೆ ಮಡಿಚಿದ್ದು ನನಗಿಂತ ಮೊದಲು ಅವರ ಕಣ್ಣಿಗೆ ಬಿದ್ದಿರಬೇಕು. ನಾಲಿಗೆಯ ತುದಿಯಲ್ಲಿದ್ದ ಹೂಂ ಅನ್ನು ನುಂಗಿಕೊಂಡೆ.

“ಯಾರೂ ಎಲ್ಲೂ ಇಳಿಯಲ್ಲ,” ಎಂದೆ. “ಬಲ್ಬೂ, ಒಂದು ಸಲ ತೀರ್ಮಾನ ಆಗಲಿ. ತಪ್ಪು ಪ್ಲಗ್ಗಿನ ಆಚೆಯದೋ ಈಚೆಯದೋ, ಅದೊಂದು ಹೇಳು. ಆಮೇಲೆ ಹುಡುಕೋ ಜಾಗ ಅರ್ಧ ಆದ್ರೂ ಆಗುತ್ತೆ.”

ಬಲ್ಬು ತಲೆ ಕೆರೆದುಕೊಂಡ. ಕೊನೆಗೆ ಅಂಗಡಿಯಿಂದ ಲಾರಿಯ ದೊಡ್ಡ ಬ್ಯಾಟರಿಯೊಂದನ್ನು ಎಳೆದು ತಂದ. ಪಿಕಪ್ಪನ್ನು ಪೂರ್ತಿ ಬಿಟ್ಟು, ಬ್ಯಾಟರಿಯಿಂದಲೇ ನೇರ ಟ್ರೇಲರ್ ಪ್ಲಗ್ಗಿಗೆ ಕರೆಂಟು ಕೊಡುವುದು ಎಂದ. ಚಕ್ರ ಕಚ್ಚಿದರೆ ತಪ್ಪು ಪಿಕಪ್ಪಿನದು, ಕಚ್ಚದಿದ್ದರೆ ಟ್ರೇಲರಿನದು. ಬೆಳಗ್ಗೆಯೇ ಇದನ್ನು ಮಾಡಲು ನಿನಗೇನಾಗಿತ್ತು ಎಂದು ಕೇಳಬೇಕೆಂದಿದ್ದೆ, ಕೆಲಸ ಕೆಡುತ್ತದೆಂದು ಸುಮ್ಮನಾದೆ.

ಎರಡು ಚಿಮಟಿಗಳಿಂದ ಬ್ಯಾಟರಿ ಕಚ್ಚಿಸಿದ. ಚಕ್ರ ತಿರುಗಿಸಿದೆ. ಗುಂಯ್ ಎಂದಿತು. ತಿರುಗುತ್ತಲೇ ಇತ್ತು.

“ಆಯ್ತಲ್ಲ,” ಎಂದ ತಮ್ಮ. ಚಪ್ಪಾಳೆ ತಟ್ಟುವುದೊಂದು ಬಾಕಿ. “ನನ್ನ ಗಾಡಿ ಸೇರಿಸದೇನೇ ನಿಮ್ಮ ಟ್ರೇಲರ್ ಹಿಡೀಲಿಲ್ಲ. ಬೆಳಗ್ಗೆಯಿಂದ ನನ್ನ ಪಿಕಪ್ಪಿಗೆ ಬೈದಿದ್ದೆಲ್ಲ ವಾಪಸ್ ತಗೊಳ್ಳಿ ಭಾವ.”

“ಆ ವೈರನ್ನ ನನ್ನ ಕೈಯಾರೆ ಕಟ್ಟಿದೀನಿ,” ಎಂದರು ನಮ್ಮವರು. “ನೀರು ಹೋಗಲ್ಲ, ಗಾಳಿ ಹೋಗಲ್ಲ. ಹಂಗೆ ಕಟ್ಟಿದೀನಿ.”

“ಕರೆಂಟೂ ಹೋಗಲ್ಲ ಬಿಡಿ.”

“ಬಲ್ಬು ಉರೀತಲ್ಲೋ ಮಾರಾಯ, ನೀನೇ ನೋಡಿದೆಯಲ್ಲ.”

“ಬ್ಯಾಟರಿ ಹಾಕಿದ್ದೂ ನೋಡಿದೆ.”

ಬ್ಯಾಟರಿ ಬಿಚ್ಚುವುದನ್ನು ಮರೆತು ಮೂವರೂ ಮಾತಿಗೆ ಬಿದ್ದರು. ಬಲ್ಬು ತನ್ನ ಬಲ್ಬಿನ ಮರ್ಯಾದೆ ಕಾಯಲು ನಿಂತ. ನನಗೆ ತಲೆ ಚಿಟ್ಟು ಹಿಡಿಯಿತು. ತಂಬಿಗೆ ತೆಗೆದುಕೊಂಡು ಟ್ರೇಲರ್ ಮುಂಭಾಗಕ್ಕೆ ಹೋಗಿ, ಬಗ್ಗಿ, ಮುದ್ದೆಯ ತಳಕ್ಕೆ ನೀರು ಚಿಮುಕಿಸತೊಡಗಿದೆ. ಹಲಗೆಗಳ ಕೆಳಗೆ ನೆರಳಿತ್ತು. ಅಲ್ಲೇ ಕೂತುಬಿಡೋಣ ಅನ್ನಿಸಿತು.

ಆಗ ಮೂಗಿಗೆ ಬಂತು ಆ ವಾಸನೆ. ಜೇನುಮೇಣ, ರಾಳ. ಕಸಿ ಕಟ್ಟುವ ದಿನಗಳಲ್ಲಿ ನಾವು ಹಳೇ ಡಬ್ಬದಲ್ಲಿ ಕರಗಿಸಿ, ಕೊಯ್ದ ಗಾಯಕ್ಕೆ ನೀರಿಳಿಯದಿರಲೆಂದು ಹಚ್ಚುವ ಮೇಣ. ಮೊದಲು ಮರದ್ದೇ ಅಂದುಕೊಂಡೆ, ಕತ್ತರಿಸಿದ ಬೇರುಗಳಿಗೆಲ್ಲ ಅದನ್ನೇ ಹಚ್ಚಿದ್ದೆವು. ಆದರೆ ಅದು ಹಚ್ಚಿ ಎಷ್ಟೋ ದಿನವಾಗಿತ್ತು, ಒಣಗಿ ಕಲ್ಲಾಗಿತ್ತು. ಇದು ಈಗಷ್ಟೇ ಒಲೆಯಿಂದ ಇಳಿಸಿದಂಥ ವಾಸನೆ. ನೆಲ ನೋಡಿದೆ. ಟ್ರೇಲರಿನ ಮೂತಿಯ ಕೆಳಗೆ ಒಂದು ಹಳದಿ ಹನಿ ಬಿದ್ದಿತ್ತು. ನೋಡುತ್ತಿದ್ದಂತೆ ಅದರ ಪಕ್ಕಕ್ಕೆ ಇನ್ನೊಂದು ಬಿತ್ತು.

ಮೇಲಕ್ಕೆ ಕೈ ಹಾಕಿ ವೈರನ್ನು ತಡವುತ್ತ ಹೋದೆ. ತಣ್ಣಗೆ, ತಣ್ಣಗೆ, ತಣ್ಣಗೆ. ಆಮೇಲೆ ಒಂದೆಡೆ ಬೆರಳು ಚುರ್ ಎಂದಿತು. ಹೆಬ್ಬೆರಳು ದಪ್ಪದ ಒಂದು ಗಂಟು, ಸುತ್ತ ಮೇಣ, ಮೇಣದ ಒಳಗೆ ನಮ್ಮ ಕಸಿಪಟ್ಟಿ.

“ಬ್ಯಾಟರಿ ತೆಗೀರಿ,” ಎಂದು ಕೂಗಿದೆ. “ತೆಗೆದು ಎಲ್ಲರೂ ಈ ಕಡೆ ಬನ್ನಿ.”

ಕಸಿಚಾಕುವಿನಿಂದ ಪಟ್ಟಿ ಸೀಳಿದೆ. ಒಳಗೆ ಬ್ರೇಕಿನ ವೈರು ತುಂಡಾಗಿತ್ತು. ಎರಡೂ ತುದಿಗಳನ್ನು ಓರೆಯಾಗಿ, ಅಚ್ಚುಕಟ್ಟಾಗಿ ಕೊಯ್ದು, ಒಂದರ ಮುಖಕ್ಕೆ ಇನ್ನೊಂದರ ಮುಖ ಕೂರಿಸಲಾಗಿತ್ತು, ಬೇರುಗಿಡದ ಮೇಲೆ ಕಡ್ಡಿ ಕೂರಿಸಿದಂತೆ. ಹೊಸೆದಿರಲಿಲ್ಲ, ಬೆಸೆದಿರಲಿಲ್ಲ. ಪಕ್ಕಪಕ್ಕ ಮಲಗಿಸಿ, ಕೆಳಗಿನಿಂದ ಮೇಲಕ್ಕೆ ಪಟ್ಟಿ ಸುತ್ತಿ, ಕೊನೆಗೆ ಮೇಣ. ನೂರು ಗಿಡದ ನಡುವೆ ಇಟ್ಟರೂ ಇದು ಯಾರ ಕೈ ಎಂದು ನಾನು ಹೇಳಬಲ್ಲೆ. ಅಷ್ಟು ಒಪ್ಪವಾದ ಕಸಿ.

“ರೀ,” ಎಂದೆ. “ಇದೇನ್ರೀ?”

ನಮ್ಮವರು ಬಗ್ಗಿ ನೋಡಿದರು. “ಇಲಿ ಕಡಿದಿತ್ತು. ಕಸಿ ಕೆಲಸದ ಮಧ್ಯೆ ನೋಡಿದೆ. ಜೇಬಲ್ಲಿ ಪಟ್ಟಿ ಇತ್ತು.”

“ಪಟ್ಟಿ ಇತ್ತು ಅಂತ ವೈರಿಗೆ ಕಸಿ ಕಟ್ಟಿದ್ರಾ?”

“ಕೂಡಬೇಕಾದ ಎರಡು ತುದಿ. ಮುಖಕ್ಕೆ ಮುಖ ಸರಿಯಾಗಿ ಕೂತಿತ್ತು. ಇನ್ನೇನು ಬೇಕು?”

“ಸಾರ್,” ಎಂದ ಬಲ್ಬು ತುಂಬ ವಿನಯದಿಂದ, “ಚಿಗುರು ಯಾವಾಗ ಬರುತ್ತೆ?”

ತಮ್ಮ ಟ್ರೇಲರ್ ಅಂಚು ಹಿಡಿದುಕೊಂಡು ನಗತೊಡಗಿದ. ನಕ್ಕು ನಕ್ಕು ಕೆಮ್ಮು ಬಂತು. ನನಗೆ ನಗು ಬರಲಿಲ್ಲ. ಒಂದೊಂದೇ ಬಿಡಿಸಿಕೊಳ್ಳುತ್ತಿತ್ತು ತಲೆಯಲ್ಲಿ. ಕಸಿಪಟ್ಟಿಯನ್ನು ಮಾಡುವುದೇ ಬಿಸಿಲಿಗೆ ಸಡಿಲವಾಗಲಿ ಎಂದು. ಕಸಿ ಕೂಡಿ ಕಾಂಡ ದಪ್ಪವಾದಾಗ ಅದು ಕುತ್ತಿಗೆ ಹಿಸುಕಬಾರದಲ್ಲ. ಹಿಂದಿನ ದಿನ ಬೆಳಗಿನ ತಂಪಿನಲ್ಲಿ ಪಟ್ಟಿ ಬಿಗಿಯಾಗಿರುವಾಗ ನಮ್ಮವರು ಚಕ್ರ ತಿರುಗಿಸಿ ನೋಡಿದರು, ಗಕ್ ಎಂದು ನಿಂತಿತು. ಬಿಸಿಲು ಬಿದ್ದ ಮೇಲೆ ಪಟ್ಟಿ ಸಡಿಲಾಯಿತು, ತುದಿಗಳು ಮುಟ್ಟಿಯೂ ಮುಟ್ಟದಂತಾದವು. ಜೇಬಿನ ಬಲ್ಬಿಗೆ ಬೇಕಾದದ್ದು ಒಂದು ಗುಟುಕು ಕರೆಂಟು, ಅಷ್ಟು ಹೇಗೋ ನುಸುಳುತ್ತಿತ್ತು. ಅಯಸ್ಕಾಂತಗಳಿಗೆ ಬೇಕಾದದ್ದು ಬಿಂದಿಗೆಗಟ್ಟಲೆ. ಅದು ಈ ಕಿಂಡಿಯಲ್ಲಿ ಹಾಯಲಾರದೆ ಇಲ್ಲೇ ಬಿಸಿಯಾಗಿ ಮೇಣ ಕರಗಿಸುತ್ತಿತ್ತು.

ಇದನ್ನೇ ಬಲ್ಬಿಗೆ ಹೇಳಿದೆ. ಅವನು ಜೇಬಿನಿಂದ ತನ್ನ ಬಲ್ಬು ತೆಗೆದು ಒಮ್ಮೆ ನೋಡಿ, ಮತ್ತೆ ಒಳಗಿಟ್ಟುಕೊಂಡ.

“ಸುಮ್ನೆ ಇರುವಾಗ ಸರಿಯಾಗೇ ಹೇಳುತ್ತೆ ಇದು,” ಎಂದ. “ಭಾರ ಬಿದ್ದಾಗ ಏನಾಗುತ್ತೆ ಅಂತ ಇದಕ್ಕೆ ಗೊತ್ತಾಗಲ್ಲ.”

“ನಿನಗಾದರೂ ಗೊತ್ತಾಗಬೇಕಿತ್ತು,” ಎಂದೆ.

ಅವನು ವೈರಿನ ತುದಿಗಳನ್ನು ಸುಲಿದು, ತಾಮ್ರವನ್ನು ಹೊಸೆದು, ಬೆಸುಗೆ ಹಾಕಿ, ಮೇಲೆ ರಬ್ಬರು ಕೊಳವೆ ತೊಡಿಸಿದ. ನಮ್ಮವರು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. “ಹೊಸೆದರೆ ಒಳಗಿನ ಎಳೆಗೆ ಪೆಟ್ಟಾಗಲ್ವಾ?” ಎಂದು ಒಮ್ಮೆ ಕೇಳಿದರು. ನಾನು ನೋಡಿದ ನೋಟಕ್ಕೆ ಮತ್ತೆ ಬಾಯಿ ತೆರೆಯಲಿಲ್ಲ.

ಪಿಕಪ್ಪಿಗೆ ಪ್ಲಗ್ಗು ಸೇರಿಸಿ, ತಮ್ಮ ಹಿಡಿಕೆ ಒತ್ತಿದ. ಎತ್ತಿದ ಚಕ್ರ ಮೆತ್ತಗೆ ನಿಂತಿತು. ನಿಂತಿತೇನೋ ನಿಜ, ಕಚ್ಚಿದಂತೆ ಅಲ್ಲ, ಹಲ್ಲಿಲ್ಲದ ಮುದುಕ ಕಬ್ಬು ಹಿಡಿದಂತೆ. ನಾನು ಎರಡೂ ಕೈ ಹಾಕಿ ಜಗ್ಗಿದೆ. ಜಾರಿತು.

“ಈಗ ಇನ್ನೇನು?” ಎಂದೆ. ಅಳು ಬರುವುದೊಂದು ಬಾಕಿಯಿತ್ತು. ಅತ್ತು ಅಭ್ಯಾಸವಿಲ್ಲ, ಅದಕ್ಕೆ ತಂಬಿಗೆಯನ್ನು ನೆಲಕ್ಕೆ ಕುಕ್ಕಿದೆ.

ಬಲ್ಬು ಮತ್ತೆ ಬ್ಯಾಟರಿ ಕಚ್ಚಿಸಿದ. ಈ ಸಲ ಚಕ್ರ ಗಕ್ ಎಂದು ನಿಂತಿತು, ಇಬ್ಬರು ಜಗ್ಗಿದರೂ ಅಲುಗಲಿಲ್ಲ. ಅಂದರೆ ಈಚೆ ಕಡೆ ಈಗ ಸರಿ. ನಾವೆಲ್ಲರೂ ಒಟ್ಟಿಗೆ ಆಚೆ ಕಡೆ ನೋಡಿದೆವು. ತಮ್ಮ ಕಿಟಕಿಯಿಂದ ತಲೆ ಒಳಗೆಳೆದುಕೊಂಡ.

ಬಲ್ಬು ಹೋಗಿ ಸ್ಟೇರಿಂಗ್ ಕೆಳಗಿನ ಡಬ್ಬಿ ನೋಡಿದ. ಅದರ ಬದಿಯಲ್ಲಿ ಒಂದು ತಿರುಗಣೆ, ಎಷ್ಟು ಕರೆಂಟು ಕೊಡಬೇಕು ಎಂದು ಹೇಳುವುದಕ್ಕೆ. ಅದು ತೀರಾ ಕೆಳಗಿತ್ತು, ಜೇಬಿನ ಬಲ್ಬು ಉರಿಯಲು ಸಾಕಾಗುವಷ್ಟು ಮಾತ್ರ.

“ಇದನ್ನ ಯಾರು ಇಳಿಸಿದ್ದು?”

“ನಿನ್ನೆ ಬೆಳಗ್ಗೆ, ಭಾವ ನೋಡಿ ಆದಮೇಲೆ, ಖಾಲಿ ಟ್ರೇಲರ್ ಎಳೆಯುವಾಗ ಜಗ್ಗುತ್ತಿತ್ತು,” ಎಂದ ತಮ್ಮ. “ಸೊಂಟ ನೋವು ಬರ್ತಿತ್ತು. ಸ್ವಲ್ಪ ಇಳಿಸಿದ್ದೆ.”

“ಮತ್ತೆ ಏರಿಸಬೇಕು ಅಂತ ಹೊಳೀಲಿಲ್ವಾ?”

“ಮರೆತೆ ಅಕ್ಕ.”

“ಬೆಳಗ್ಗೆಯಿಂದ ಭಾವನ ಮೇಲೆ ಕೂಗಾಡುವಾಗಲೂ ನೆನಪಾಗಲಿಲ್ವಾ?”

“ದೀಪ ಹಸಿರಿತ್ತಲ್ಲ,” ಎಂದ. ಸಣ್ಣವನಿದ್ದಾಗ ಮಜ್ಜಿಗೆ ಗಡಿಗೆ ಒಡೆದು ಬೆಕ್ಕಿನ ಮೇಲೆ ಹಾಕಿದಾಗಲೂ ಅವನ ಮುಖ ಹೀಗೇ ಇತ್ತು.

ನಮ್ಮವರು ಬಾಯಿ ತೆರೆಯಲು ಹೋದರು. “ಒಂದೇ ಒಂದು ಮಾತು ಆಡಿದ್ರೆ,” ಎಂದೆ, “ಇಬ್ಬರನ್ನೂ ಇಲ್ಲೇ ಬಿಟ್ಟು ನಾನೇ ಓಡಿಸಿಕೊಂಡು ಹೋಗ್ತೀನಿ.” ನನಗೆ ಗಾಡಿ ಓಡಿಸಲು ಬರುವುದಿಲ್ಲ. ಅದು ಇಬ್ಬರಿಗೂ ಗೊತ್ತು. ಆದರೂ ಬಾಯಿ ಮುಚ್ಚಿದರು.

ತಿರುಗಣೆ ಏರಿಸಿ, ಸಮ ರಸ್ತೆಯಲ್ಲಿ ಒಮ್ಮೆ ಹೋಗಿ ಬಂದೆವು. ಹಿಡಿಕೆ ಒತ್ತಿದರೆ ಯಾರೋ ಹಿಂದಿನಿಂದ ಸೆರಗು ಹಿಡಿದೆಳೆದಂತೆ ಗಾಡಿ ನಿಲ್ಲುತ್ತಿತ್ತು. ಬಲ್ಬು ಕೈಯೆತ್ತಿ ಬೀಳ್ಕೊಟ್ಟ. ಇಳಿಜಾರಿನಲ್ಲಿ ನಾನು ಪಕ್ಕದ ಕನ್ನಡಿಯಿಂದ ಕಣ್ಣು ಕೀಳಲಿಲ್ಲ. ಅದರ ತುಂಬ ಮರದ ತಲೆ, ಕಟ್ಟಿದ ಹಗ್ಗದ ನಡುವೆ ನಡುಗುವ ಕೊಂಬೆಗಳು. ಬಂಡೆಯ ತಿರುವಿನಲ್ಲಿ ತಮ್ಮ ಪೆಡಲ್ ತುಳಿದ. ಟ್ರೇಲರ್ ಭಾರವನ್ನು ತನ್ನ ಕಡೆಯೇ ಹಿಡಿದುಕೊಂಡಿತು, ನಮ್ಮ ಬೆನ್ನಿಗೆ ಒಂದಿಷ್ಟೂ ತಳ್ಳಲಿಲ್ಲ. ನಮ್ಮವರ ಕೈ ನನ್ನ ಮೊಣಕಾಲ ಮೇಲಿತ್ತು, ಯಾವಾಗ ಬಂದಿತ್ತೋ. ತಳದಲ್ಲಿ ಜನ ಬಸ್ಸಿಗೆ ಕಾಯುತ್ತ ನಿಂತಿದ್ದರು. ಒಂದು ಮಗು ಮರ ನೋಡಿ ಕೈ ಬೀಸಿತು.

ಹೊಸ ಜಾಗ ಸೇರಿದಾಗ ಕ್ರೇನಿನವನು ಹೊರಡಲು ಎಂಜಿನ್ ಶುರು ಮಾಡಿದ್ದ. ಅವನನ್ನು ಬೈದು, ಬೇಡಿಕೊಂಡು ನಿಲ್ಲಿಸಿದೆ. ಮರ ಎತ್ತಿದಾಗ, ನಾನು ಹೆದರಿದ್ದ ಕಡೆಯೇ, ಮುದ್ದೆಯ ಒಂದು ಮಗ್ಗುಲು ಬಿಚ್ಚಿಕೊಂಡು ಬುಟ್ಟಿಗಟ್ಟಲೆ ಮಣ್ಣು ಸುರಿಯಿತು. ಬೇರು ಬೆತ್ತಲೆಯಾಗಿ ಜೋತುಬಿತ್ತು. ನಮ್ಮವರು ಗುಂಡಿಗೆ ಇಳಿದು ಆ ಬೇರುಗಳನ್ನು ಒಂದೊಂದಾಗಿ ಬಿಡಿಸಿ, ಮಣ್ಣಿನಲ್ಲಿ ಮಲಗಿಸಿದರು, ಮಗುವಿನ ಕೂದಲು ಬಾಚಿದ ಹಾಗೆ. ನಾನು ಮೇಲೆ ನಿಂತು ಕಾಯಿಸಮೇತ ಕೊಂಬೆಗಳನ್ನು ಕತ್ತರಿಸಿ ಅರ್ಧಕ್ಕೆ ಇಳಿಸಿದೆ. ಇಷ್ಟು ಬೇರು ಅಷ್ಟು ತಲೆಯನ್ನು ಸಾಕಲಾರದು. ತಮ್ಮ ಹೇಳಿಸಿಕೊಳ್ಳದೆ ನೀರು ಹೊತ್ತ.

ಆಮೇಲಿನ ದಿನಗಳಲ್ಲಿ ನಾನು ಬೇರೆ ಕೆಲಸ ಮಾಡಿದೆನೆಂದು ಹೇಳಲಾರೆ. ಬೆಳಗಾದರೆ ಮರದ ಮುಂದೆ, ಕತ್ತಲಾದರೆ ಮರದ ಮುಂದೆ. ಎಲೆ ಹಳದಿಯಾಯಿತು. ಆಮೇಲೆ ಉದುರತೊಡಗಿತು. ಮೊದಲು ನಾಲ್ಕಾರು, ಆಮೇಲೆ ರಾಶಿರಾಶಿ. ಒಂದು ಮಧ್ಯಾಹ್ನ ತಮ್ಮ ಬಂದ. ಪಿಕಪ್ಪಿನಿಂದ ಇಳಿದವನು ಬೋಳು ಮರ ನೋಡಿ ಅಲ್ಲೇ ನಿಂತ.

“ಹೋಯ್ತಾ ಅಕ್ಕ?”

“ಯಾರು ಹೇಳಿದ್ದು?”

“ಒಂದು ಹಸಿರೆಲೆ ಇಲ್ವಲ್ಲ.”

ಅವನನ್ನು ಕೈಹಿಡಿದು ಎಳೆದುಕೊಂಡು ಹೋದೆ. ಮಣ್ಣು ಸುರಿದಿದ್ದ ಮಗ್ಗುಲಲ್ಲಿ ಒಂದು ಕೊಂಬೆಗೆ ಮಾತ್ರ ಎಲೆಗಳಿದ್ದವು, ಒಣಗಿ ಸುರುಟಿ ಹಪ್ಪಳವಾಗಿದ್ದವು. “ಇದನ್ನ ಕೀಳು,” ಎಂದೆ. ಎಳೆದ. ಎಲೆ ಪುಡಿಯಾಯಿತು, ತೊಟ್ಟು ಕೊಂಬೆಯಲ್ಲೇ ಉಳಿಯಿತು. ಇನ್ನೊಂದು ಕೊಂಬೆಯ ತುದಿಯಲ್ಲಿ ಹೇಗೋ ಒಂದೇ ಒಂದು ಹಳದಿ ಎಲೆ ಉಳಿದಿತ್ತು. ಅದಕ್ಕೆ ಅವನ ಬೆರಳು ಸೋಕಿತಷ್ಟೇ, ತೊಟ್ಟಿನ ಸಮೇತ ಕಳಚಿ ಬಿತ್ತು.

“ಎಲೆ ಹಿಡ್ಕೊಂಡಿದೆಯಲ್ಲ, ಆ ಕೊಂಬೆ ಸತ್ತಿದೆ. ಕೈ ಬಿಡೋಕೂ ಜೀವ ಬೇಕು ಕಣೋ. ಬಿಟ್ಟಿರೋದೆಲ್ಲ ಬದುಕಿದೆ.”

ತಮ್ಮ ಮರದ ತುಂಬ ಕಣ್ಣಾಡಿಸಿದ. ನಂಬಿದನೋ ಇಲ್ಲವೋ. ನಮ್ಮವರು ಗರಗಸ ತಂದು ಸತ್ತ ಕೊಂಬೆಯನ್ನು ಬುಡದವರೆಗೆ ಕೊಯ್ಯತೊಡಗಿದರು. ಅವರೂ ಆ ದಿನಗಳಲ್ಲಿ ಸರಿಯಾಗಿ ಉಂಡಿರಲಿಲ್ಲ. ಇವತ್ತು ಗರಗಸದ ಸದ್ದಿನಲ್ಲಿ ಒಂದು ಲಯವಿತ್ತು.

ತಮ್ಮ ಸುಮ್ಮನಿರಲಾರದೆ ಪೊರಕೆ ಹುಡುಕಿ ತಂದು ಎಲೆ ಗುಡಿಸಿ ಬೇಲಿಯಾಚೆ ತಳ್ಳಲು ಹೊರಟ.

“ಏಯ್, ಏನ್ ಮಾಡ್ತಿದೀಯ?”

“ಕಸ ತೆಗೀತಿದೀನಿ ಅಕ್ಕ.”

“ಕಸ ಅಲ್ಲ ಅದು. ಬುಡಕ್ಕೆ ತಳ್ಳು. ಎಲ್ಲಾ ಬುಡಕ್ಕೆ ತಳ್ಳು.”